ಆಡಿದ ಮಾತು ಒಂದೇ, ಆಡಿದ ಬಾಯಿ ಯಾರದು?

ದಾವಣಗೆರೆಯ ಜಯದೇವ ವೃತ್ತದಲ್ಲಿ ಒಂದು ಪ್ರತಿಕೃತಿ ಸುಡಲು ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಒಣಹುಲ್ಲು ತುಂಬಿದ ಹಳೆಯ ಅಂಗಿ, ಪ್ಯಾಂಟು, ಮುಖದ ಜಾಗಕ್ಕೆ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದ ಬಣ್ಣದ ಫೋಟೊ, ಕೊರಳಿಗೆ ಚಪ್ಪಲಿ ಹಾರ, ನೀರಿನ ಬಾಟಲಿಯಲ್ಲಿ ಒಂದಿಷ್ಟು ಪೆಟ್ರೋಲ್. ಹನ್ನೊಂದಕ್ಕೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದ್ದರೆ ಹನ್ನೆರಡರ ಹೊತ್ತಿಗೆ ಮೂವತ್ತು ನಲವತ್ತು ಮಂದಿ ಸೇರಿರುತ್ತಾರೆ. ರಸ್ತೆಯ ಆಚೆ ಬದಿಯಲ್ಲಿ ಪೊಲೀಸರು ಬಕೆಟ್‌ನಲ್ಲಿ ನೀರು ಇಟ್ಟುಕೊಂಡು ನಿಂತಿರುತ್ತಾರೆ. ಒಂದು ಸಲ ಪ್ರತಿಕೃತಿ ಮುಕ್ಕಾಲು ಸುಟ್ಟ ಮೇಲೆ ಟಿ.ವಿ. ಕ್ಯಾಮೆರಾದವರು ಓಡೋಡಿ ಬಂದರು. ಮುಖಂಡರು ಬೇಸರಪಟ್ಟುಕೊಳ್ಳಲಿಲ್ಲ. ಉಳಿದಿದ್ದ ಒಂದು ಕಾಲನ್ನೇ ಕೋಲಿನಲ್ಲಿ ಎತ್ತಿ ಹಿಡಿಸಿ, ಧಿಕ್ಕಾರವನ್ನು ಮೊದಲಿನಿಂದ ಕೂಗಿಸಿದರು. ಎರಡನೆಯ ಸಲದ ಸಿಟ್ಟು ಮೊದಲಿನದಕ್ಕಿಂತ ಒಂದು ಕೈ ಮೇಲೆಯೇ ಇತ್ತು.

ಅದು ಯಾವ ಪಕ್ಷ ಎಂದು ಹೇಳಿ ಪ್ರಯೋಜನವಿಲ್ಲ. ಡಾಂಬರಿನ ಮೇಲಿನ ಆ ಕರಿ ಕಲೆ ಮಾಸುವ ಮೊದಲೇ ಇನ್ನೊಂದು ಪಕ್ಷದವರು ಬಂದು ಅದೇ ಜಾಗದಲ್ಲಿ ಬೇರೊಂದು ಫೋಟೊ ಅಂಟಿಸಿದ ಅಂಗಿ ಸುಡುತ್ತಾರೆ. ನನ್ನ ಮೊಬೈಲ್‌ಗೆ ಎರಡೂ ಕಡೆಯ ಪತ್ರಿಕಾ ಹೇಳಿಕೆಗಳು ಬರುತ್ತವೆ. 'ನಾಲಿಗೆ ಹರಿಬಿಟ್ಟಿದ್ದಾರೆ', 'ಅವರ ಸಂಸ್ಕೃತಿಯನ್ನು ತೋರಿಸುತ್ತದೆ', 'ಬಹಿರಂಗ ಕ್ಷಮೆ ಯಾಚಿಸಬೇಕು', 'ತಪ್ಪಿದಲ್ಲಿ ಉಗ್ರ ಹೋರಾಟ'. ಹೆಸರುಗಳನ್ನು ಅದಲುಬದಲು ಮಾಡಿದರೆ ಒಂದು ಹೇಳಿಕೆ ಇನ್ನೊಂದರ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ.

ವಿವಾದಿತ ಹೇಳಿಕೆ ಎಂದೊಡನೆ ನಾವು ಚರ್ಚಿಸುವುದು ಆಡಿದವರ ನಾಲಿಗೆಯ ಬಗ್ಗೆ. ಪಕ್ಷಗಳ ಕಿವಿಯ ಬಗ್ಗೆ ಚರ್ಚೆಯಾಗುವುದು ಕಡಿಮೆ. ಯಾವ ಮಾತು ಕೇಳಿಸುತ್ತದೆ, ಯಾವುದು ಕೇಳಿಸುವುದಿಲ್ಲ, ಯಾವುದನ್ನು ಕೇಳಿಸಿಕೊಂಡೂ ಸುಮ್ಮನಿರಲಾಗುತ್ತದೆ ಎಂಬುದಕ್ಕೆ ಒಂದು ವ್ಯವಸ್ಥಿತ ಲೆಕ್ಕಾಚಾರವಿದೆ. ಅದನ್ನು ಬಿಡಿಸಿ ನೋಡಲು ದಾವಣಗೆರೆಯಷ್ಟು ಅನುಕೂಲವಾದ ಊರು ಇನ್ನೊಂದಿಲ್ಲ. ಇತ್ತೀಚಿನ ಎರಡು ಮೂರು ವರ್ಷಗಳಲ್ಲಿ ಎಲ್ಲ ಬಗೆಯ ಮಾದರಿಗಳೂ ಇಲ್ಲೇ ಸಿಗುತ್ತವೆ.

2024ರ ಮಾರ್ಚ್ ಕೊನೆಯದನ್ನೇ ತೆಗೆದುಕೊಳ್ಳಿ. ಲೋಕಸಭೆ ಚುನಾವಣೆಗೆ ದಾವಣಗೆರೆಯಲ್ಲಿ ಎರಡೂ ಪಕ್ಷಗಳು ಮಹಿಳೆಯರಿಗೇ ಟಿಕೆಟ್ ಕೊಟ್ಟಿದ್ದವು. ಬಿಜೆಪಿಯಿಂದ ನಾಲ್ಕು ಬಾರಿಯ ಸಂಸದ ಜಿ.ಎಂ. ಸಿದ್ದೇಶ್ವರ ಅವರ ಪತ್ನಿ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್‌ನಿಂದ ಸಚಿವ ಎಸ್.ಎಸ್. ಮಲ್ಲಿಕಾರ್ಜುನ ಅವರ ಪತ್ನಿ ಡಾ. ಪ್ರಭಾ ಮಲ್ಲಿಕಾರ್ಜುನ. ಪ್ರಭಾ ಅವರ ಮಾವ, ದಾವಣಗೆರೆ ದಕ್ಷಿಣದ ಶಾಸಕ ಶಾಮನೂರು ಶಿವಶಂಕರಪ್ಪ ಅವರಿಗೆ ಆಗ 92 ವರ್ಷ. ಕಾರ್ಯಕರ್ತರ ಸಭೆಯಲ್ಲಿ ಅವರು, ಎದುರಾಳಿ ಅಭ್ಯರ್ಥಿಗೆ ಅಡುಗೆ ಮಾಡುವುದಷ್ಟೇ ಗೊತ್ತು, ಜನರ ಮುಂದೆ ನಿಂತು ಮಾತನಾಡುವ ಶಕ್ತಿಯಿಲ್ಲ ಎಂಬರ್ಥದ ಮಾತನಾಡಿದರು. ಮರುದಿನ ಅದು ರಾಷ್ಟ್ರೀಯ ಸುದ್ದಿ. ಬಿಜೆಪಿ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಿತು. ಬಿಜೆಪಿ ಸೇರಿದ್ದ ಬ್ಯಾಡ್ಮಿಂಟನ್ ಆಟಗಾರ್ತಿ ಸೈನಾ ನೆಹ್ವಾಲ್ ಕೂಡ ಖಂಡಿಸಿದರು. ಗಾಯತ್ರಿ ಅವರು, ಹೆಣ್ಣುಮಕ್ಕಳು ಇಂದು ಯಾವ ಕ್ಷೇತ್ರದಲ್ಲಿಲ್ಲ ಹೇಳಿ ಎಂದು ಪ್ರಶ್ನಿಸಿದರು.

ಮಾತು ಕೆಟ್ಟದ್ದೇ, ಅದರಲ್ಲಿ ಎರಡು ಮಾತಿಲ್ಲ. ಅದರಲ್ಲೂ ಈ ಊರಿನಲ್ಲಿ ಆಡಬಾರದ ಮಾತು. ದಾವಣಗೆರೆಯ ಹೆಸರು ಹೊರಗಿನವರ ಬಾಯಲ್ಲಿ ಮೊದಲು ಬರುವುದು ಬೆಣ್ಣೆ ದೋಸೆಯ ಜೊತೆಗೆ. 1928ರಲ್ಲಿ ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು ಇಲ್ಲಿ ದೋಸೆ ಹುಯ್ಯಲು ಶುರುಮಾಡಿದ್ದೇ ಅದರ ಮೂಲ ಎಂದು ಊರಿನವರು ಹೇಳುತ್ತಾರೆ. ಅರವತ್ತು ಕಿಲೋಮೀಟರ್ ಆಚೆ ಚಿತ್ರದುರ್ಗಕ್ಕೆ ಹೋದರೆ ಪ್ರತಿಭಟನೆಗಳು ನಡೆಯುವ ಜಾಗದ ಹೆಸರೇ ಒನಕೆ ಓಬವ್ವ ವೃತ್ತ. ಅಡುಗೆಮನೆಯ ಸಾಮಾನು ಹಿಡಿದು ಕೋಟೆ ಕಾಯ್ದವಳ ಹೆಸರು ಅದು. ಹೀಗಿರುವ ಸೀಮೆಯಲ್ಲಿ 'ಅಡುಗೆ ಮಾಡುವುದಷ್ಟೇ ಗೊತ್ತು' ಎಂಬುದು ಬೈಗುಳ ಹೇಗಾದೀತು ಎಂದು ಯಾರಾದರೂ ಕೇಳಬಹುದಿತ್ತು. ಯಾರೂ ಕೇಳಲಿಲ್ಲ.

ಕಾಂಗ್ರೆಸ್‌ನ ಮಹಿಳಾ ನಾಯಕಿಯರು ಆ ದಿನಗಳಲ್ಲಿ ಎಷ್ಟು ಮಾತನಾಡಿದರು? ಹಿರಿಯರು, ವಯಸ್ಸಾಗಿದೆ, ಅವರ ಉದ್ದೇಶ ಹಾಗಿರಲಿಲ್ಲ ಎಂಬ ಮೆತ್ತನೆಯ ಧಾಟಿಯೇ ಹೆಚ್ಚು ಕೇಳಿಸಿತು. ಎದುರಾಳಿ ಪಕ್ಷದ 92 ವರ್ಷದವರು ಅದೇ ಮಾತನ್ನು ಪ್ರಭಾ ಅವರ ಬಗ್ಗೆ ಆಡಿದ್ದರೆ ಈ ವಯಸ್ಸಿನ ರಿಯಾಯಿತಿ ಸಿಗುತ್ತಿತ್ತೇ ಎಂದು ಊಹಿಸಿಕೊಂಡರೆ ಸಾಕು. ಇನ್ನೊಂದು ಕಡೆ, ಬಿಜೆಪಿಯ ಆಕ್ರೋಶವೂ ಕೇವಲ ಹೆಣ್ಣಿನ ಗೌರವದ್ದಾಗಿತ್ತು ಎಂದು ನಂಬಲು ಎರಡು ವರ್ಷ ಹಿಂದಿನ ಕಥೆ ಅಡ್ಡ ಬರುತ್ತದೆ.

2021ರ ಡಿಸೆಂಬರ್ 16. ಬೆಳಗಾವಿ ಅಧಿವೇಶನದಲ್ಲಿ ಕಾಂಗ್ರೆಸ್ ಶಾಸಕ, ಮಾಜಿ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಅತ್ಯಾಚಾರವನ್ನು ಕುರಿತ ಒಂದು ಹಳಸಲು ಗಾದೆಯನ್ನು ಸದನದಲ್ಲಿ ಹೇಳಿದರು. ಸ್ಪೀಕರ್ ಪೀಠದಲ್ಲಿದ್ದವರೂ ನಕ್ಕರು. ಬಿಜೆಪಿ ಸಂಸತ್ತಿನವರೆಗೂ ಅದನ್ನು ಎಳೆದುಕೊಂಡು ಹೋಯಿತು. ರಮೇಶ್ ಕುಮಾರ್ ಕ್ಷಮೆ ಕೇಳಿದರು. ಎರಡು ತಿಂಗಳು ತುಂಬುವ ಮೊದಲೇ, 2022ರ ಫೆಬ್ರುವರಿಯಲ್ಲಿ, ಹಿಜಾಬ್ ವಿವಾದ ಕಾವೇರಿದ್ದಾಗ ನಮ್ಮದೇ ಜಿಲ್ಲೆಯ ಹೊನ್ನಾಳಿಯ ಅಂದಿನ ಬಿಜೆಪಿ ಶಾಸಕ ಎಂ.ಪಿ. ರೇಣುಕಾಚಾರ್ಯ, ಕೆಲವು ಮಹಿಳೆಯರ ಉಡುಗೆ ಗಂಡಸರನ್ನು ಕೆರಳಿಸುವುದರಿಂದ ಅತ್ಯಾಚಾರ ಹೆಚ್ಚುತ್ತಿದೆ ಎಂಬರ್ಥದಲ್ಲಿ ಮಾತನಾಡಿದರು. ಈ ಸಲ ದನಿ ಎತ್ತಿದ್ದು ಕಾಂಗ್ರೆಸ್. ರೇಣುಕಾಚಾರ್ಯ ಕ್ಷಮೆ ಕೇಳಿದರು. ಡಿಸೆಂಬರ್‌ನಲ್ಲಿ ಹೆಣ್ಣಿನ ಮಾನದ ಬಗ್ಗೆ ಗಂಟಲು ಹರಿದುಕೊಂಡವರ ಗಂಟಲು ಫೆಬ್ರುವರಿಯಲ್ಲಿ ಕಟ್ಟಿತ್ತು. ಡಿಸೆಂಬರ್‌ನಲ್ಲಿ ಕಟ್ಟಿದ್ದವರ ಗಂಟಲು ಫೆಬ್ರುವರಿಯಲ್ಲಿ ಬಿಟ್ಟಿತು. ವಿಷಯ ಒಂದೇ, ಅಂತರ ಎಂಟು ವಾರ. ಆಗ ಕಾಂಗ್ರೆಸ್‌ನ ಪ್ರಿಯಾಂಕಾ ಗಾಂಧಿ ತಮ್ಮದೇ ಪಕ್ಷದ ರಮೇಶ್ ಕುಮಾರ್ ಅವರ ಮಾತನ್ನು ಖಂಡಿಸಿದ್ದರು ಎಂಬುದನ್ನು ನ್ಯಾಯವಾಗಿ ಸೇರಿಸಬೇಕು. ಅಂಥ ಅಪವಾದಗಳು ನೆನಪಿನಲ್ಲಿ ಉಳಿಯುವುದೇ ಅವು ಅಪರೂಪ ಎಂಬ ಕಾರಣಕ್ಕೆ.

ಅಧಿಕಾರಿಗಳ ಮರ್ಯಾದೆಯ ವಿಚಾರದಲ್ಲೂ ಇದೇ ಗಾಣ ತಿರುಗಿತು. 2025ರ ಏಪ್ರಿಲ್ 28ರಂದು ಬೆಳಗಾವಿಯ ಕಾಂಗ್ರೆಸ್ ಸಮಾವೇಶದಲ್ಲಿ ಬಿಜೆಪಿ ಕಾರ್ಯಕರ್ತೆಯರು ಕಪ್ಪು ಬಾವುಟ ತೋರಿಸಿದರು. ಸಿಟ್ಟಾದ ಮುಖ್ಯಮಂತ್ರಿ ಸಿದ್ದರಾಮಯ್ಯ ಹೆಚ್ಚುವರಿ ಪೊಲೀಸ್ ವರಿಷ್ಠಾಧಿಕಾರಿಯೊಬ್ಬರನ್ನು ವೇದಿಕೆಗೆ ಕರೆದು ಅವರತ್ತ ಕೈ ಎತ್ತಿದರು. ಬಿಜೆಪಿ ಮತ್ತು ಜೆಡಿಎಸ್ ಪೊಲೀಸರ ಆತ್ಮಗೌರವಕ್ಕಾಗಿ ಮರುಗಿದವು. ತಿಂಗಳು ತುಂಬುವುದರೊಳಗೆ ಬಿಜೆಪಿಯ ವಿಧಾನ ಪರಿಷತ್ ಸದಸ್ಯ ಎನ್. ರವಿಕುಮಾರ್, ಕಲಬುರಗಿ ಜಿಲ್ಲಾಧಿಕಾರಿ ಪಾಕಿಸ್ತಾನದಿಂದ ಬಂದವರಂತೆ ಕಾಣುತ್ತಾರೆ ಎಂಬ ಮಾತನಾಡಿದರು. ಪ್ರಕರಣ ದಾಖಲಾಯಿತು, ಐಎಎಸ್ ಅಧಿಕಾರಿಗಳ ಸಂಘ ಪ್ರತಿಭಟಿಸಿತು, ಕ್ಷಮೆ ಬಂತು. ಈಗ ಅಧಿಕಾರಿಗಳ ಆತ್ಮಗೌರವಕ್ಕೆ ಮರುಗುವ ಸರದಿ ಕಾಂಗ್ರೆಸ್‌ನದು. ಸೆಪ್ಟೆಂಬರ್ ಹೊತ್ತಿಗೆ ಅದು ದಾವಣಗೆರೆಗೇ ಬಂತು. ಹರಿಹರದ ಬಿಜೆಪಿ ಶಾಸಕ ಬಿ.ಪಿ. ಹರೀಶ್ ಸುದ್ದಿಗೋಷ್ಠಿಯಲ್ಲಿ, ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿ ತಮ್ಮನ್ನು ಕಂಡರೆ ಮುಖ ತಿರುಗಿಸುತ್ತಾರೆ, ಶಾಮನೂರು ಮನೆತನದವರಿಗಾದರೆ ಪೊಮೇರಿಯನ್ ನಾಯಿಯಂತೆ ಕಾಯುತ್ತಾರೆ ಎಂದರು. ಅಧಿಕಾರಿ ಸ್ವತಃ ದೂರು ಕೊಟ್ಟು ಪ್ರಕರಣ ದಾಖಲಾಯಿತು.

ಇಲ್ಲಿ ಒಂದು ಮಾತು. ವಿರೋಧ ಪಕ್ಷದ ಶಾಸಕನಿಗೆ ಜಿಲ್ಲಾಡಳಿತ ಶಿಷ್ಟಾಚಾರದ ಪ್ರಕಾರ ಗೌರವ ಕೊಡುತ್ತಿದೆಯೇ ಇಲ್ಲವೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ವಿರೋಧಿಗಳು ಈ ದೂರು ಹೇಳುತ್ತಲೇ ಬಂದಿದ್ದಾರೆ. ಆದರೆ ನಾಯಿ ಬಂದ ಮೇಲೆ ಶಿಷ್ಟಾಚಾರ ಹೊರಗೆ ಹೋಯಿತು. ಹರೀಶ್ ಅವರ ದೂರಿನಲ್ಲಿ ಹುರುಳಿತ್ತೇ ಎಂದು ಆಮೇಲೆ ಯಾರೂ ವಿಚಾರಿಸಲಿಲ್ಲ. ತಮ್ಮ ದೂರನ್ನು ಅವರು ತಾವೇ ಮುಳುಗಿಸಿದ್ದರು.

ಇನ್ನು ಕ್ಷಮೆಯ ವಿಷಯ. ಕ್ಷಮೆ ಎಂದು ಕರೆಯಲಾಗುವ ಈ ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಅದರ ಎಲ್ಲ ಕಸುಬುಗಾರಿಕೆ ಇರುವುದು ವ್ಯಾಕರಣದಲ್ಲಿ. ಮೊದಲ ಹಂತ: 'ನನ್ನ ಹೇಳಿಕೆಯನ್ನು ತಿರುಚಲಾಗಿದೆ.' ಕರ್ಮಣಿ ಪ್ರಯೋಗ. ಕನ್ನಡಿಗರು ಮನೆಯಲ್ಲಿ ಇದನ್ನು ಬಳಸುವುದೇ ಇಲ್ಲ. 'ಹಾಲು ಚೆಲ್ಲಲಾಗಿದೆ' ಎಂದು ಯಾವ ಮಗುವೂ ತಾಯಿಗೆ ಹೇಳುವುದಿಲ್ಲ. ಸರ್ಕಾರಿ ಆದೇಶಗಳಲ್ಲಿ ಮತ್ತು ಸುದ್ದಿಗೋಷ್ಠಿಗಳಲ್ಲಿ ಮಾತ್ರ ಕೆಲಸಗಳು ಮಾಡುವವರಿಲ್ಲದೆ ಆಗುತ್ತವೆ. ತಿರುಚಿದವರು ಯಾರು, ಎಲ್ಲಿ ತಿರುಚಿದರು, ವಿಡಿಯೊದ ಯಾವ ನಿಮಿಷದಲ್ಲಿ? ಕೇಳಬೇಡಿ.

ವಿಡಿಯೊ ಪೂರ್ತಿ ಹರಿದಾಡಿದ ಮೇಲೆ ಎರಡನೆಯ ಹಂತ: 'ಬಾಯಿ ತಪ್ಪಿ ಬಂತು.' ಮಗು ಹೇಳುವುದು ಇದನ್ನೇ. ಹಾಲು ನಾನು ಚೆಲ್ಲಲಿಲ್ಲ, ಅದೇ ಚೆಲ್ಲಿಹೋಯಿತು. ಬಾಯಿ ತಪ್ಪಿತೇ ಹೊರತು ಬಾಯಿಯ ಒಡೆಯ ತಪ್ಪಲಿಲ್ಲ. ಮೂರನೆಯ ಹಂತ ಬರುವುದು ಬೆಂಗಳೂರಿನಿಂದ ಫೋನ್ ಬಂದ ಮೇಲೆ: 'ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ.' ಇಲ್ಲಿನ 'ಇದ್ದರೆ' ಎಂಬುದು ಇಡೀ ವಾಕ್ಯದ ಬೆನ್ನುಮೂಳೆ. ನೋವಾಗಿದೆಯೋ ಇಲ್ಲವೋ ಎಂಬುದನ್ನು ಅದು ಇನ್ನೂ ತೀರ್ಮಾನಿಸಿಲ್ಲ. ತೀರ್ಮಾನಿಸುವ ಹೊಣೆಯನ್ನು ನೊಂದವರ ಮೇಲೆಯೇ ಹಾಕಿದೆ. ಹಳೆಯ ಕಚೇರಿ ಕನ್ನಡದಲ್ಲಿ ಇದನ್ನೇ 'ನೋವಾದ ಪಕ್ಷದಲ್ಲಿ' ಎಂದು ಬರೆಯುತ್ತಿದ್ದರು. ಆ 'ಪಕ್ಷ' ಎಂಬ ಶಬ್ದ ಇಲ್ಲಿ ಎರಡೂ ಅರ್ಥದಲ್ಲಿ ಸರಿಯಾಗಿ ಕೂರುತ್ತದೆ. ಇನ್ನು ವಿಷಾದವಂತೂ ಮಳೆ ಬಾರದಿದ್ದಕ್ಕೂ ಆಗುವಂಥದ್ದು. ಕ್ಷಮೆ ಕೇಳಬೇಕಾದರೆ ಎದುರಿಗೆ ಒಬ್ಬರು ಬೇಕು. ವಿಷಾದಕ್ಕೆ ಯಾರೂ ಬೇಕಾಗಿಲ್ಲ, ಮೈಕ್ ಇದ್ದರೆ ಸಾಕು.

ವ್ಯಕ್ತಿ ಇಷ್ಟು ಮಾಡಿದರೆ ಪಕ್ಷದ ಪಾಲಿಗೆ ಒಂದೇ ವಾಕ್ಯ ಉಳಿಯುತ್ತದೆ: 'ಅದು ಅವರ ವೈಯಕ್ತಿಕ ಅಭಿಪ್ರಾಯ, ಪಕ್ಷಕ್ಕೂ ಅದಕ್ಕೂ ಸಂಬಂಧವಿಲ್ಲ.' ಪಕ್ಷದ ಶಾಲು ಹೊದ್ದು, ಪಕ್ಷದ ಬಾವುಟ ಕಟ್ಟಿದ ವೇದಿಕೆಯಲ್ಲಿ, ಪಕ್ಷದ ಕಾರ್ಯಕರ್ತರ ಚಪ್ಪಾಳೆಯ ನಡುವೆ ಆಡಿದ ಮಾತು ಇಪ್ಪತ್ತನಾಲ್ಕು ಗಂಟೆಯಲ್ಲಿ ವೈಯಕ್ತಿಕವಾಗಿಬಿಡುತ್ತದೆ. ಚಪ್ಪಾಳೆ ಯಾರ ವೈಯಕ್ತಿಕ ಎಂದು ಮಾತ್ರ ಯಾರೂ ಹೇಳುವುದಿಲ್ಲ.

ಹಾಗಾದರೆ ಮಾತಿಗಾಗಿ ಪಕ್ಷಗಳು ಯಾರನ್ನೂ ದಂಡಿಸುವುದೇ ಇಲ್ಲವೇ? ದಂಡಿಸುತ್ತವೆ, ಕೆಲವೊಮ್ಮೆ ಬಹಳ ಬೇಗ. ಯಾವ ಮಾತಿಗೆ ಎಂಬುದನ್ನು ನೋಡಿದರೆ ಲೆಕ್ಕ ಬಿಚ್ಚಿಕೊಳ್ಳುತ್ತದೆ.

2024ರ ಫೆಬ್ರುವರಿ 8ರಂದು ದಾವಣಗೆರೆಯಲ್ಲಿ ಬಿಜೆಪಿ ಕಾರ್ಯಕ್ರಮ. ಪಕ್ಷದ ಮಾಜಿ ರಾಜ್ಯಾಧ್ಯಕ್ಷ, ಮಾಜಿ ಉಪಮುಖ್ಯಮಂತ್ರಿ ಕೆ.ಎಸ್. ಈಶ್ವರಪ್ಪ, ದೇಶ ಒಡೆಯುವ ಮಾತನಾಡುವ ಕಾಂಗ್ರೆಸ್‌ನ ಡಿ.ಕೆ. ಸುರೇಶ್, ವಿನಯ್ ಕುಲಕರ್ಣಿ ಅಂಥವರನ್ನು ಗುಂಡಿಟ್ಟು ಕೊಲ್ಲುವ ಕಾನೂನು ತರಬೇಕು ಎಂದರು. ದಾವಣಗೆರೆ ಪೊಲೀಸರು ಪ್ರಕರಣ ದಾಖಲಿಸಿ ಶಿವಮೊಗ್ಗದ ಅವರ ಮನೆಗೆ ಹೋಗಿ ನೋಟಿಸ್ ಕೊಟ್ಟು ಬಂದರು. ಪಕ್ಷ ಅವರನ್ನು ಹೊರಹಾಕಲಿಲ್ಲ. ಎರಡೂವರೆ ತಿಂಗಳ ನಂತರ, ಏಪ್ರಿಲ್ 22ರಂದು, ಅದೇ ಪಕ್ಷ ಅವರನ್ನು ಆರು ವರ್ಷ ಉಚ್ಚಾಟಿಸಿತು. ಕಾರಣ: ಶಿವಮೊಗ್ಗದಲ್ಲಿ ಬಿ.ವೈ. ರಾಘವೇಂದ್ರ ವಿರುದ್ಧ ಬಂಡಾಯವಾಗಿ ಸ್ಪರ್ಧಿಸಿದ್ದು. ಎದುರಾಳಿಗೆ ಗುಂಡು ಎಂದದ್ದು ಸಹ್ಯ, ಸ್ವಂತ ಅಭ್ಯರ್ಥಿಗೆ ಎದುರಾಗಿ ನಾಮಪತ್ರ ಹಾಕಿದ್ದು ಅಸಹ್ಯ. ವಿಜಯಪುರದ ಬಸನಗೌಡ ಪಾಟೀಲ ಯತ್ನಾಳ ಅವರ ಕತೆಯೂ ಹೀಗೆಯೇ. ಅನ್ಯರ ಬಗ್ಗೆ ಆಡಿದ ಮಾತುಗಳಿಗೆ ಪ್ರಕರಣಗಳ ಮೇಲೆ ಪ್ರಕರಣಗಳಾದವು. ಪಕ್ಷದ ಬಾಗಿಲು ಮುಚ್ಚಿದ್ದು 2025ರ ಮಾರ್ಚ್‌ನಲ್ಲಿ, ರಾಜ್ಯಾಧ್ಯಕ್ಷರ ಮೇಲೆಯೇ ನಿಲ್ಲದೆ ಹರಿಹಾಯ್ದ ಮೇಲೆ.

ಕಾಂಗ್ರೆಸ್ ಕಡೆ ತಿರುಗಿ. 2025ರ ಆಗಸ್ಟ್ 11ರಂದು ಸಹಕಾರ ಸಚಿವ ಕೆ.ಎನ್. ರಾಜಣ್ಣ ಸಂಪುಟದಿಂದ ಹೊರಬಿದ್ದರು. ಅವರು ಯಾವ ಹೆಣ್ಣನ್ನೂ ಯಾವ ಜಾತಿಯನ್ನೂ ಬೈದಿರಲಿಲ್ಲ. ಮತಗಳ್ಳತನದ ಬಗ್ಗೆ ರಾಹುಲ್ ಗಾಂಧಿ ಹೋರಾಟ ನಡೆಸುತ್ತಿದ್ದಾಗ, ಮತದಾರರ ಪಟ್ಟಿ ಸಿದ್ಧವಾದದ್ದು ನಮ್ಮ ಸರ್ಕಾರ ಇದ್ದಾಗಲೇ ಅಲ್ಲವೇ, ಆಗ ಕಣ್ಣು ಮುಚ್ಚಿ ಕುಳಿತಿದ್ದೆವೇ ಎಂದು ಕೇಳಿದ್ದರು. ನಮ್ಮ ಜಿಲ್ಲೆಯ ಚನ್ನಗಿರಿ ಶಾಸಕ ಬಸವರಾಜು ಶಿವಗಂಗಾ ಅವರು ಡಿ.ಕೆ. ಶಿವಕುಮಾರ್ ಮುಖ್ಯಮಂತ್ರಿಯಾಗುತ್ತಾರೆ ಎಂದು ಹೇಳಿದಾಗಲೂ ನೋಟಿಸ್ ಕೊಡುವ ಮಾತು ತಕ್ಷಣವೇ ಬಂತು, ಅದೂ ಶಿವಕುಮಾರ್ ಅವರ ಬಾಯಿಂದಲೇ. ನೋಟಿಸಿನ ಶಾಯಿ ಪಕ್ಷಗಳಲ್ಲಿ ಬತ್ತಿಲ್ಲ. ಅದು ಹರಿಯುವುದು ಕುರ್ಚಿ ಅಲುಗಿದಾಗ.

ಕುರ್ಚಿ ಅಲುಗಿಸಿದವರೂ ಭಾರಿ ಆಸಾಮಿಯಾದರೆ ಕತೆ ಬೇರೆ. ಶಾಮನೂರು ಅವರು 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ನಿಂತು, ಬಿಜೆಪಿಯ ರಾಘವೇಂದ್ರ ಅವರನ್ನೇ ಮತ್ತೆ ಗೆಲ್ಲಿಸಿ ಎಂದು ಜನರಿಗೆ ಹೇಳಿದರು. ಕಾಂಗ್ರೆಸ್ ಶಾಸಕರೊಬ್ಬರು ಲೋಕಸಭೆ ಚುನಾವಣೆಯ ಹೊಸ್ತಿಲಲ್ಲಿ ಆಡಿದ ಮಾತಿದು. ಪಕ್ಷ ಮುಜುಗರಪಟ್ಟುಕೊಂಡಿತು, ಅಷ್ಟೇ. ಅಖಿಲ ಭಾರತ ವೀರಶೈವ ಮಹಾಸಭಾದ ಅಧ್ಯಕ್ಷರು, ದಾವಣಗೆರೆಯಲ್ಲಿ ಪಕ್ಷದ ಬೆನ್ನೆಲುಬು, ಮಗ ಸಚಿವ. 2025ರ ಡಿಸೆಂಬರ್‌ನಲ್ಲಿ ನಿಧನರಾಗುವವರೆಗೂ ಅವರು ಮನಸ್ಸಿಗೆ ಬಂದದ್ದನ್ನು ಹೇಳಿಕೊಂಡೇ ಇದ್ದರು. ಪಕ್ಷದ ಶಿಸ್ತು ತೂಕದ ಯಂತ್ರದ ಹಾಗೆ. ಹಗುರವಾದ ಮೂಟೆಯನ್ನು ಪಕ್ಕಕ್ಕೆ ಎಸೆಯುತ್ತದೆ, ಭಾರವಾದದ್ದರ ಕೆಳಗೆ ತಾನೇ ಬಗ್ಗುತ್ತದೆ.

ಎದುರಾಳಿಯನ್ನೋ ಒಂದು ಸಮುದಾಯವನ್ನೋ ನೋಯಿಸಿದ ಮಾತಿಗೂ ಪಕ್ಷಗಳು ಕ್ರಮ ಕೈಗೊಂಡ ಉದಾಹರಣೆಗಳಿವೆ. ಅವುಗಳ ತಾರೀಖು ನೋಡಿ. ಪ್ರಧಾನಿ ಮೋದಿ ಅವರನ್ನು 'ನೀಚ' ಎಂದ ಮಣಿಶಂಕರ್ ಅಯ್ಯರ್ ಅವರನ್ನು ಕಾಂಗ್ರೆಸ್ ಅಮಾನತು ಮಾಡಿದ್ದು 2017ರ ಡಿಸೆಂಬರ್ 7ರಂದು, ಗುಜರಾತಿನ ಮತದಾನಕ್ಕೆ ಎರಡು ದಿನವಿದ್ದಾಗ; ಅಮಾನತು ತೆರವಾದದ್ದು ಮರುವರ್ಷ ಆಗಸ್ಟ್‌ನಲ್ಲಿ. ದಕ್ಷಿಣದವರು ಆಫ್ರಿಕನ್ನರಂತೆ ಕಾಣುತ್ತಾರೆ ಎಂದ, ಕಾಂಗ್ರೆಸ್‌ನ ಸಾಗರೋತ್ತರ ಘಟಕದ ಅಧ್ಯಕ್ಷ ಸ್ಯಾಮ್ ಪಿತ್ರೋಡ 2024ರ ಮೇ 8ರಂದು ರಾಜೀನಾಮೆ ಕೊಟ್ಟರು, ಚುನಾವಣೆ ಮುಗಿದು ಜೂನ್ ಕಳೆಯುವುದರೊಳಗೆ ಅದೇ ಹುದ್ದೆಗೆ ಮರಳಿದರು. ಪ್ರವಾದಿ ಮಹಮ್ಮದರ ಬಗ್ಗೆ ಮಾತನಾಡಿದ ತನ್ನ ವಕ್ತಾರೆ ನೂಪುರ್ ಶರ್ಮಾ ಅವರನ್ನು ಬಿಜೆಪಿ ಅಮಾನತು ಮಾಡಿದ್ದು 2022ರ ಜೂನ್ 5ರಂದು, ಟಿ.ವಿ.ಯಲ್ಲಿ ಮಾತು ಬಂದು ಹತ್ತು ದಿನ ಕಳೆದು, ಕೊಲ್ಲಿ ರಾಷ್ಟ್ರಗಳು ಸಿಡುಕಿದಾಗ. ಸಂವಿಧಾನ ಬದಲಿಸುವ ಮಾತನ್ನು ಅನಂತಕುಮಾರ್ ಹೆಗಡೆ 2017ರಲ್ಲಿ ಆಡಿದಾಗ ಕೇಂದ್ರ ಸಚಿವರಾಗಿದ್ದರು. ಲೋಕಸಭೆಯಲ್ಲಿ ಕ್ಷಮೆ ಕೇಳಿ ಸಚಿವರಾಗಿಯೇ ಉಳಿದರು. 2024ರ ಮಾರ್ಚ್‌ನಲ್ಲಿ ಅದೇ ಧಾಟಿಯ ಮಾತು ಮತ್ತೆ ಬಂದಾಗ ವಿರೋಧಿಗಳು ಅದನ್ನು ದೇಶದಾದ್ಯಂತ ಪ್ರಚಾರದ ಸರಕು ಮಾಡಿಕೊಂಡರು. ಆ ಸಲ ಟಿಕೆಟ್ ಹೋಯಿತು.

ಪಕ್ಷವೊಂದು ಲಾಭನಷ್ಟ ನೋಡುವುದು ಸಹಜವೇ. ನನ್ನ ತಕರಾರು ಲೆಕ್ಕದ ಮೇಲಲ್ಲ, ಲೆಕ್ಕಕ್ಕೆ ನೈತಿಕತೆಯ ಬಣ್ಣ ಬಳಿದು ನಮ್ಮ ಮುಂದೆ ಇಡುವುದರ ಮೇಲೆ.

ಕಾನೂನು ಈ ಜಾಗದಲ್ಲಿ ಏನು ಮಾಡಬಹುದು? ಸ್ವಲ್ಪ ಮಾಡಬಹುದು. ದ್ವೇಷ ಭಾಷಣ ಕಂಡರೆ ದೂರಿಗೆ ಕಾ‌ಯದೆ, ಧರ್ಮ ನೋಡದೆ ಪ್ರಕರಣ ದಾಖಲಿಸಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 28ರಂದು ಎಲ್ಲ ರಾಜ್ಯಗಳಿಗೆ ಸೂಚಿಸಿತು. ಆದರೆ ಪೊಲೀಸರಿಗೆ ವರ್ಗಾವಣೆ ಪತ್ರ ಕೊಡುವುದು ರಾಜ್ಯ ಸರ್ಕಾರ. ಸ್ವಯಂಪ್ರೇರಿತ ಪ್ರಕರಣಗಳ ಪ್ರೇರಣೆ ಎಲ್ಲಿಂದ ಬರುತ್ತದೆ ಎಂಬುದು ಠಾಣೆಯ ಕಾನ್‌ಸ್ಟೆಬಲ್‌ಗೂ ಗೊತ್ತು. ಸದನದ ಒಳಗಿನ ಮಾತಿಗೆ ಸಂವಿಧಾನದ 194ನೇ ವಿಧಿಯ ರಕ್ಷಣೆಯಿದೆ. 2024ರ ಡಿಸೆಂಬರ್‌ನಲ್ಲಿ ಪರಿಷತ್ತಿನಲ್ಲಿ ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರನ್ನು ಕೀಳು ಪದದಿಂದ ಕರೆದರೆಂದು ಬಿಜೆಪಿಯ ಸಿ.ಟಿ. ರವಿ ಅವರನ್ನು ಪೊಲೀಸರು ಬಂಧಿಸಿದಾಗ ಈ ಪ್ರಶ್ನೆಯೇ ಎದ್ದಿತು. ರವಿ ಆರೋಪ ನಿರಾಕರಿಸಿದರು, ಮರುದಿನವೇ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ಕಾಂಗ್ರೆಸ್‌ಗೆ ಪದ ಕೇಳಿಸಿತು, ಬಿಜೆಪಿಗೆ ಬಂಧನ ಮಾತ್ರ ಕಾಣಿಸಿತು.

2025ರ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟವು. ಏಳು ವರ್ಷದವರೆಗೆ ಜೈಲು. ವಿರೋಧಿಗಳ ಬಾಯಿ ಮುಚ್ಚಿಸುವ ಅಸ್ತ್ರ ಎಂದು ಬಿಜೆಪಿ ಗದ್ದಲ ಎಬ್ಬಿಸಿತು. ಆ ಆತಂಕವನ್ನು ನಾನು ತಳ್ಳಿಹಾಕಲಾರೆ. ಆದರೆ ಎರಡು ಪಕ್ಷಗಳೂ ಕುರ್ಚಿ ಅದಲುಬದಲು ಮಾಡಿಕೊಂಡು ಕುಳಿತಿದ್ದರೆ ಅಂದಿನ ಭಾಷಣಗಳೂ ಅದಲುಬದಲಾಗುತ್ತಿದ್ದವು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಇದಕ್ಕಿಂತ ಉಪಯುಕ್ತವಾದ ಮಾತು 2023ರ ಜನವರಿ 3ರ ತೀರ್ಪೊಂದರಲ್ಲಿದೆ. ಉತ್ತರ ಪ್ರದೇಶದ ಬುಲಂದ್‌ಶಹರ್ ಅತ್ಯಾಚಾರ ಪ್ರಕರಣದ ಬಗ್ಗೆ ಅಲ್ಲಿನ ಸಚಿವರು ಆಡಿದ ಮಾತಿನಿಂದ ಹುಟ್ಟಿದ ಮೊಕದ್ದಮೆ ಅದು. ಸಚಿವರ ಮಾತಿನ ಹೊಣೆಯನ್ನು ಇಡೀ ಸರ್ಕಾರದ ತಲೆಗೆ ಕಟ್ಟಲಾಗದು ಎಂದು ಐವರು ನ್ಯಾಯಮೂರ್ತಿಗಳ ಪೀಠದಲ್ಲಿ ನಾಲ್ವರು ಹೇಳಿದರು. ಕನ್ನಡದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಭಿನ್ನವಾಗಿ ಬರೆದರು. ಜೊತೆಗೆ, ತಮ್ಮವರ ಮಾತಿಗೆ ಕಡಿವಾಣ ಹಾಕುವುದು ರಾಜಕೀಯ ಪಕ್ಷಗಳ ಕೆಲಸ, ಅದಕ್ಕೊಂದು ನೀತಿ ಸಂಹಿತೆ ಮಾಡಿಕೊಳ್ಳಲಿ ಎಂದರು. ನೋವಾಗಿದೆಯೇ ಎಂದು ನೊಂದವರನ್ನು ಕೇಳಿ, ಎದುರಾಳಿಗೆ ಬೀಸುವ ಕೋಲಿನಿಂದಲೇ ತನ್ನವನನ್ನೂ ಅಳೆಯುವ ಒಂದು ಪುಟದ ಸಂಹಿತೆ ಸಾಕಿತ್ತು. ಅದನ್ನು ಬರೆದು ಜಿಲ್ಲಾ ಕಚೇರಿಯ ಗೋಡೆಗೆ ಅಂಟಿಸಿದ ಪಕ್ಷವನ್ನು ನಾನು ಕಂಡಿಲ್ಲ.

ಈ ಎಲ್ಲದರ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂದು ನೋಡಲು ಮತ್ತೆ 2024ರ ಫೆಬ್ರುವರಿಗೆ ಹೋಗಬೇಕು. ಈಶ್ವರಪ್ಪನವರ ಗುಂಡಿನ ಮಾತು ಶೂನ್ಯದಿಂದ ಬಂದದ್ದಲ್ಲ. ಒಂದು ವಾರ ಮೊದಲು ಕೇಂದ್ರ ಬಜೆಟ್ ದಿನ, ಅನುದಾನದಲ್ಲಿ ಹೀಗೇ ಅನ್ಯಾಯವಾದರೆ ದಕ್ಷಿಣದವರು ಪ್ರತ್ಯೇಕ ರಾಷ್ಟ್ರ ಕೇಳಬೇಕಾಗುತ್ತದೆ ಎಂದು ಡಿ.ಕೆ. ಸುರೇಶ್ ಹೇಳಿದ್ದರು. ಸಂಸತ್ತಿನಲ್ಲಿ ಕೋಲಾಹಲವಾಗಿ, ದೇಶ ಒಡೆಯುವ ಮಾತನ್ನು ಯಾರು ಆಡಿದರೂ ಸಹಿಸೆವು ಎಂದು ಮಲ್ಲಿಕಾರ್ಜುನ ಖರ್ಗೆ ಹೇಳಬೇಕಾಯಿತು. ಹದಿನಾಲ್ಕನೇ ಹಣಕಾಸು ಆಯೋಗದಲ್ಲಿ ಶೇ 4.713ರಷ್ಟಿದ್ದ ಕರ್ನಾಟಕದ ತೆರಿಗೆ ಪಾಲು ಹದಿನೈದನೆಯದರಲ್ಲಿ ಶೇ 3.647ಕ್ಕೆ ಇಳಿದಿತ್ತು. ಇದು ಒಪ್ಪಬಹುದಾದ, ಒಪ್ಪದಿರಬಹುದಾದ, ಆದರೆ ಅಂಕಿ ಹಿಡಿದು ಚರ್ಚಿಸಬೇಕಾದ ವಿಷಯ. ಸುರೇಶ್ ಅವರ ಒಂದು ವಾಕ್ಯ ಅದನ್ನು ದೇಶಭಕ್ತಿಯ ಜಗಳವಾಗಿಸಿತು, ಈಶ್ವರಪ್ಪನವರ ಒಂದು ವಾಕ್ಯ ಅದನ್ನು ಕೊಲೆಯ ಜಗಳವಾಗಿಸಿತು. ಶೇಕಡಾವಾರು ಲೆಕ್ಕ ದಾವಣಗೆರೆ ತಲುಪಲೇ ಇಲ್ಲ.

ತಲುಪಬೇಕಾಗಿತ್ತು. ಏಕೆಂದರೆ ಆ ಜಗಳದ ಹೊಟ್ಟೆಯೊಳಗೆ ಭದ್ರಾ ಮೇಲ್ದಂಡೆ ಯೋಜನೆಯಿತ್ತು. ಚಿತ್ರದುರ್ಗ, ತುಮಕೂರು, ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್‌ಗೆ ನೀರು ಕೊಡಬೇಕಾದ ಯೋಜನೆಗೆ 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಯಿತು. 2025 ಮುಗಿಯುತ್ತ ಬಂದರೂ ಆ ಹಣ ರಾಜ್ಯದ ಕೈಸೇರಿರಲಿಲ್ಲ. ಕೇಂದ್ರ ಕೊಡಲಿಲ್ಲ ಎಂದು ಒಬ್ಬರು, ರಾಜ್ಯ ಸರಿಯಾಗಿ ಕೇಳಲಿಲ್ಲ ಎಂದು ಇನ್ನೊಬ್ಬರು. ಜಗಳೂರಿನ, ಹೊಸದುರ್ಗದ ರೈತನಿಗೆ ಇಬ್ಬರ ಪ್ರತಿಕೃತಿಯಿಂದಲೂ ಆಗಬೇಕಾದದ್ದೇನಿಲ್ಲ. ಚಿತ್ರದುರ್ಗದಲ್ಲಿ ಇದೇ ಯೋಜನೆಗಾಗಿ ರೈತರು ಧರಣಿ ಕುಳಿತಾಗ ಪಕ್ಷಗಳ ಮುಖಂಡರು ಬಂದು ಬೆಂಬಲ ಘೋಷಿಸಿ ಹೋಗುತ್ತಾರೆ. ಧರಣಿ ಎಷ್ಟನೇ ದಿನಕ್ಕೆ ಬಂತು ಎಂಬುದು ಒಳಪುಟದ ಎರಡು ಸಾಲು. ನಾಯಿ, ಅಡುಗೆಮನೆ, ಗುಂಡು ಮುಖಪುಟಕ್ಕೆ. ಪತ್ರಿಕೆಯವರಾದ ನಾವೂ ಈ ವಿಷಯದಲ್ಲಿ ಸಾಚಾಗಳಲ್ಲ. ಹೇಳಿಕೆಗೆ ಪ್ರತಿಹೇಳಿಕೆ ತರುವುದಕ್ಕೆ ಒಂದು ಫೋನ್ ಕರೆ ಸಾಕು. ನಾಲೆ ಎಲ್ಲಿಯವರೆಗೆ ಬಂದಿದೆ ಎಂದು ನೋಡಿ ಬರುವುದಕ್ಕೆ ಒಂದು ದಿನ ಬೇಕು.

ಪ್ರತಿಭಟನೆಯ ಕೊನೆಗೆ ಮನವಿ ಪತ್ರ ಕೊಡುವ ಪದ್ಧತಿಯಿದೆ. ರಾಜ್ಯಪಾಲರಿಗೆ, ಅಧಿಕಾರಿಗಳ ಮೂಲಕ. ಅದನ್ನು ತೆಗೆದುಕೊಳ್ಳುವ ಕಚೇರಿಯ ಗುಮಾಸ್ತರೊಬ್ಬರನ್ನು, ಈ ಪತ್ರಗಳು ಮುಂದೆ ಏನಾಗುತ್ತವೆ ಎಂದು ಕೇಳಿದ್ದೆ. ಸ್ವೀಕೃತಿ ಮೊಹರು ಒತ್ತಿ, ನಂಬರ್ ಹಾಕಿ ಮೇಲಕ್ಕೆ ಕಳುಹಿಸುತ್ತೇವೆ ಸಾರ್ ಎಂದರು. ಉತ್ತರ ಬಂತೇ ಎಂದು ಪಕ್ಷದವರು ಬಂದು ವಿಚಾರಿಸುತ್ತಾರೆಯೇ ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು. ಪಹಣಿಗೆ, ಪಿಂಚಣಿಗೆ ಅರ್ಜಿ ಕೊಟ್ಟವರು ವಾರಕ್ಕೊಮ್ಮೆ ಬಂದು ಕೇಳುತ್ತಾರೆ, ಇವರಲ್ಲಿ ಇದುವರೆಗೆ ಯಾರೂ ಬಂದಿಲ್ಲ ಎಂದರು. ಮೊಹರು ಬಿದ್ದ ಪ್ರತಿಯ ಫೋಟೊ ಮಾತ್ರ ಅಲ್ಲೇ ನಿಂತು ತೆಗೆದುಕೊಳ್ಳುತ್ತಾರಂತೆ. ಮೊಹರು ಮಸುಕಾಗಿದ್ದರೆ ಇನ್ನೊಮ್ಮೆ ಒತ್ತಿಸಿಕೊಳ್ಳುತ್ತಾರೆ.